ಡ್ಯೂಕನ ಗೋಡೆಯ ಮೇಲಿನ ಸುವರ್ಣಯುಗ

ಬತ್ತಲೆ ಚಿತ್ರದ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಪಂಗಡಗಳು ಎದ್ದು ನಿಲ್ಲುತ್ತವೆ. ಒಂದು ಪಂಗಡದವರು ಕಣ್ಣಿಗೆ ಕೈ ಅಡ್ಡ ಹಿಡಿದು "ಅಶ್ಲೀಲ, ಅಶ್ಲೀಲ" ಎಂದು ಕೂಗುತ್ತಾರೆ. ಬೆರಳ ಸಂದಿಯಿಂದ ನೋಡುವುದನ್ನು ಮಾತ್ರ ಬಿಡುವುದಿಲ್ಲ. ಇನ್ನೊಂದು ಪಂಗಡದವರು "ಇದು ಶಾಶ್ವತ ಸೌಂದರ್ಯ, ಇಲ್ಲಿಗೆ ಹೊಟ್ಟೆಯ ಪ್ರಶ್ನೆಯನ್ನು ತರಬೇಡಿ" ಎಂದು ಉಪದೇಶ ಮಾಡುತ್ತಾರೆ. ನಾವು ಈ ಎರಡು ಪಂಗಡಕ್ಕೂ ಸೇರಿದವರಲ್ಲ. ಇವರ ಮೈಮೇಲೆ ಬಟ್ಟೆ ಏಕಿಲ್ಲ ಎಂದು ಕೇಳುವುದಕ್ಕೆ ಮೊದಲು, ಬಟ್ಟೆ ನೇಯುವವನು ಎಲ್ಲಿ ಹೋದ ಎಂದು ನಾವು ಕೇಳುತ್ತೇವೆ. ನೂಲು ತೆಗೆದು, ಮಗ್ಗದ ಮುಂದೆ ನಿಂತು, ಪಾಳಿಯ ಮೇಲೆ ಪಾಳಿ ಕಳೆದವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಉಳಿದೆಲ್ಲರಿಗಿಂತ ಹೆಚ್ಚಾಗಿದೆ.

ಮಾತು ಗಾಳಿಯಲ್ಲಿ ಹೋಗಬಾರದು. ಒಂದು ಚಿತ್ರವನ್ನೇ ಹಿಡಿದು ನೋಡೋಣ.

ಫ್ರಾನ್ಸ್ ದೇಶದ ದಕ್ಷಿಣಕ್ಕೆ ಮೊಂತೊಬಾನ್ ಎಂಬ ಊರಿದೆ. ಆಂಗ್ರ್ ಎಂಬ ಹೆಸರಾಂತ ಚಿತ್ರಕಾರ 1780ರಲ್ಲಿ ಹುಟ್ಟಿದ್ದು ಅಲ್ಲಿ. 1867ರಲ್ಲಿ ಸಾಯುವಾಗ ತನ್ನ ಬಳಿ ಇದ್ದ ರೇಖಾಚಿತ್ರಗಳನ್ನೆಲ್ಲ ಹುಟ್ಟಿದೂರಿಗೇ ಬಿಟ್ಟುಹೋದ. ಅವು ನಾಲ್ಕು ಸಾವಿರಕ್ಕೂ ಮೇಲೆ. ಅವುಗಳಲ್ಲಿ ನೂರಾರು ಹಾಳೆಗಳು ಒಂದೇ ಒಂದು ಚಿತ್ರದ ತಯಾರಿಗಾಗಿ ಬರೆದವು. ಆ ಚಿತ್ರದ ಹೆಸರು 'ಸುವರ್ಣಯುಗ'. ಒಂದು ಹಸುರು ತೋಪು. ಅದರಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಬಹುತೇಕ ಎಲ್ಲರೂ ಬತ್ತಲೆ. ನಡುವೆ ಬಲಿಪೀಠದ ಸುತ್ತ ಕೆಲವರು ಕೈಕೈ ಹಿಡಿದು ಕುಣಿಯುತ್ತಾರೆ. ಒಂದು ಬದಿಯಲ್ಲಿ ನ್ಯಾಯದೇವತೆ ಆಸ್ಟ್ರಿಯಾ ನಿಂತು ಜನಕ್ಕೆ ಬುದ್ಧಿ ಹೇಳುತ್ತಾಳೆ. ಇನ್ನೊಂದು ಬದಿಯಲ್ಲಿ ಪ್ರಣಯಿಗಳು, ತಾಯಂದಿರು, ಹುಲ್ಲಿನ ಮೇಲೆ ಮೈ ಚೆಲ್ಲಿ ಒರಗಿದವರು. ನೇಗಿಲಿಲ್ಲ, ಮಗ್ಗವಿಲ್ಲ, ತಕ್ಕಡಿಯಿಲ್ಲ. ಬೆವರೂ ಇಲ್ಲ.

ಕೈಯ ಕೆಲಸದಲ್ಲಿ ಆಂಗ್ರ್ ಮಹಾ ಗಟ್ಟಿಗ. ಇದನ್ನು ನಾವು ಮುಚ್ಚಿಡುವುದಿಲ್ಲ. ಒಂದು ಸೀಸದ ಕಡ್ಡಿಯಿಂದ ಎಳೆದ ಒಂದೇ ಗೆರೆಯಲ್ಲಿ ಭುಜ ಎಲ್ಲಿ ತಿರುಗುತ್ತದೆ, ಸೊಂಟದ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ ಎಂದು ತೋರಿಸಬಲ್ಲವನು. ತೋಳು ಹೀಗೆ ಇರಬೇಕೋ ಹಾಗೆ ಇರಬೇಕೋ ತಿಳಿಯದೆ ಒಂದೇ ದೇಹಕ್ಕೆ ಮೂರು ನಾಲ್ಕು ತೋಳು ಬರೆದು ನೋಡುವುದು ಅವನ ರೂಢಿ. ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಡ್ರಾಯಿಂಗ್ ಪುಸ್ತಕದಲ್ಲಿ ಹೀಗೆ ಅಳಿಸದೆ ಬಿಟ್ಟ ಗೆರೆಗಳನ್ನು ಕಂಡರೆ ಬೈಯುತ್ತಿದ್ದರು. ಈ ಮುದುಕನ ಹಾಳೆಗಳಲ್ಲಿ ಅದೇ ಗೆರೆಗಳಿಗೆ ವಿದ್ವಾಂಸರು ಕೈಮುಗಿಯುತ್ತಾರೆ. ಇರಲಿ.

ಈ ಚಿತ್ರ ಯಾರಿಗಾಗಿ? ಪ್ಯಾರಿಸ್ಸಿನ ನೈಋತ್ಯಕ್ಕೆ ದಾಂಪಿಯೆರ್ ಎಂಬಲ್ಲಿ ಲುಯಿನ್ ಮನೆತನದ ಡ್ಯೂಕನ ಅರಮನೆ. ಅದರ ದೊಡ್ಡ ಹಜಾರದ ಎದುರುಬದುರು ಗೋಡೆಗಳಿಗೆ ಎರಡು ಚಿತ್ರ ಬೇಕೆಂದು 1839ರಲ್ಲಿ ಡ್ಯೂಕ್ ಗೊತ್ತುಮಾಡಿದ. ಒಂದು ಸುವರ್ಣಯುಗ, ಅದರ ಎದುರಿಗೆ ಲೋಹಯುಗ, ಎಂದರೆ ಕಬ್ಬಿಣದ ಯುಗ. ನಮ್ಮ ಕೃತಯುಗ ಕಲಿಯುಗಗಳ ಹಾಗೆಂದು ವಾಚಕರು ತಿಳಿದರೆ ಸಾಕು. ಡ್ಯೂಕ್ ಕೆಟ್ಟ ಮನುಷ್ಯನೇನೂ ಅಲ್ಲ. ಓದಿದವನು, ಹಳೆಯ ನಾಣ್ಯಗಳ ಪಂಡಿತ. ತನ್ನ ಸಂಗ್ರಹವನ್ನು 1862ರಲ್ಲಿ ದೇಶಕ್ಕೇ ದಾನವಾಗಿ ಕೊಟ್ಟ. ನಮ್ಮ ಜಗಳ ಅವನ ಗುಣದೊಡನೆ ಅಲ್ಲ, ಅವನ ಗೋಡೆಯೊಡನೆ.

1843ರಲ್ಲಿ ಆಂಗ್ರ್ ಗೋಡೆಯ ಕೆಲಸ ಶುರುಮಾಡಿದ. ಆಗ ಅವನಿಗೆ ಅರವತ್ತು ದಾಟಿತ್ತು. ಆ ಸಮಯದಲ್ಲಿ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ ತನ್ನ ಚಿತ್ರದ ಜನರನ್ನು ಅವನೇ ಸುಂದರ ಸೋಮಾರಿಗಳ ಗುಂಪೆಂದು ವರ್ಣಿಸಿದ್ದಾನೆ. ಸೋಮಾರಿಗಳು ಎಂದು ನಾವು ಹೇಳಿದ್ದರೆ "ಇವರಿಗೆ ಕಲೆ ಗೊತ್ತಿಲ್ಲ" ಎನ್ನುತ್ತಿದ್ದರು. ಬರೆದವನೇ ಹೇಳಿದ್ದಾನೆ.

ಈ ಕಥೆ ಮೂಲದಲ್ಲಿ ಹೀಗಿರಲಿಲ್ಲ. ಸುವರ್ಣಯುಗದ ಮಾತನ್ನು ಹೇಳಿದ ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಅರಮನೆಯವನಲ್ಲ, ಹೊಲದವನು. ಅಪ್ಪನ ಆಸ್ತಿಯ ಪಾಲಿನಲ್ಲಿ ತಮ್ಮನು ಮೋಸಮಾಡಿದ, ಲಂಚ ತಿಂದ ದೊರೆಗಳು ತೀರ್ಪನ್ನು ಅವನ ಕಡೆಗೆ ತಿರುಗಿಸಿದರು, ಇದು ಆ ಕವಿಯ ಅಳಲು. ಆ ಅಳಲಿನ ನಡುವೆ ಅವನು ಹೇಳುತ್ತಾನೆ: ಒಂದು ಕಾಲದಲ್ಲಿ ಭೂಮಿ ಉಳದೆ ಬಿತ್ತದೆ ತಾನಾಗಿ ಬೆಳೆ ಕೊಡುತ್ತಿತ್ತು, ಮುಪ್ಪು ಮನುಷ್ಯನ ಹತ್ತಿರ ಸುಳಿಯುತ್ತಿರಲಿಲ್ಲ, ಈಗ ಬಂದಿರುವುದು ಕಬ್ಬಿಣದ ಕಾಲ, ಹಗಲು ದುಡಿಮೆ ಮುಗಿಯುವುದಿಲ್ಲ, ರಾತ್ರಿ ಕಷ್ಟ ತೀರುವುದಿಲ್ಲ. ಇದು ಬೆನ್ನು ಬಾಗಿದ ರೈತನೊಬ್ಬ ಸೊಂಟ ನೆಟ್ಟಗೆ ಮಾಡಿಕೊಂಡು ಬಿಟ್ಟ ನಿಟ್ಟುಸಿರು. ದೊರೆಗಳ ಮೇಲೆ ಹಾಕಿದ ದಾವೆ. ಎರಡೂವರೆ ಸಾವಿರ ವರ್ಷ ಕಳೆದ ಮೇಲೆ ಡ್ಯೂಕ್ ಮಹಾಶಯ ಆ ದಾವೆಯ ಒಳಗಿನ ಸುಖದ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಊಟದ ಮೇಲೆ ಅತಿಥಿಗಳಿಗೆ ತೋರಿಸುವ ಅಲಂಕಾರ ಮಾಡಿಕೊಳ್ಳಲು ಹೊರಟ. ದುಡಿಯುವವನು ಕಂಡ ಕನಸನ್ನು ದುಡಿಯದವನು ಕೊಂಡುಕೊಂಡ. ಕುರಿ ಕಾಯುವವನೂ ತೋಪೂ ಕೊಳಲೂ ಇರುವ, ಕೆಸರೂ ಕಂದಾಯವೂ ಇಲ್ಲದ ಇಂಥ ಹಳ್ಳಿಯ ಚಿತ್ರಗಳ ವ್ಯಾಪಾರವೆಲ್ಲ ನಡೆದಿರುವುದು ಹೀಗೆಯೇ.

ಅದೇ ವರ್ಷಗಳಲ್ಲಿ ಅದೇ ಫ್ರಾನ್ಸಿನಲ್ಲಿ ಬತ್ತಲೆ, ಅರೆಬತ್ತಲೆ ಜನ ಬೇರೆ ಕಡೆಯೂ ಇದ್ದರು. ವಿಲೆರ್ಮೆ ಎಂಬ ವೈದ್ಯ ಹತ್ತಿ, ಉಣ್ಣೆ, ರೇಷ್ಮೆ ಗಿರಣಿಗಳ ಕೆಲಸಗಾರರ ನಡುವೆ ತಿರುಗಾಡಿ 1840ರಲ್ಲಿ ಒಂದು ವರದಿಯನ್ನು ಪ್ರಕಟಿಸಿದ. ಅವನು ಸಮಾಜವಾದಿಯಲ್ಲ, ಗಿರಣಿ ಮಾಲೀಕರ ಮನೆಯಲ್ಲಿ ಅವನಿಗೆ ಕುರ್ಚಿ ಸಿಗುತ್ತಿತ್ತು. ಹಾಗಿದ್ದೂ ಕಂಡದ್ದನ್ನು ಬರೆದ. ಮುಲೂಸ್ ಪಟ್ಟಣದ ಹತ್ತಿ ಗಿರಣಿಗಳಿಗೆ ಬೆಳಗಿನ ಜಾವ ದೂರದ ಹಳ್ಳಿಗಳಿಂದ ಹೆಂಗಸರು ಬರಿಗಾಲಿನಲ್ಲಿ ಕೆಸರು ತುಳಿದು ಬರುತ್ತಾರೆ. ಕೊಡೆಯಿಲ್ಲದ ಕಾರಣ ಮಳೆ ಬಂದರೆ ಮೇಲುಲಂಗವನ್ನೇ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಜೊತೆಗೆ ಮಕ್ಕಳು, ಅವೂ ಅಷ್ಟೇ ಕೊಳೆ, ಅಷ್ಟೇ ಬಡಕಲು. ಮಕ್ಕಳ ಮೈಮೇಲಿನ ಚಿಂದಿಗೆ ಕೆಲಸದ ಹೊತ್ತಿನಲ್ಲಿ ಯಂತ್ರದ ಎಣ್ಣೆ ಬಿದ್ದು ಬಿದ್ದು ಹಿಡಿದುಕೊಂಡಿರುವುದರಿಂದ ಮಳೆಯ ನೀರು ಅದರೊಳಕ್ಕೆ ಇಳಿಯುವುದಿಲ್ಲ. ಕೈಯಲ್ಲಿ, ಇಲ್ಲವೆ ಅಂಗಿಯೊಳಗೆ ಬಚ್ಚಿಟ್ಟುಕೊಂಡ ಒಂದು ರೊಟ್ಟಿ ತುಂಡು. ರಾತ್ರಿ ಮನೆಗೆ ಹಿಂದಿರುಗುವವರೆಗೆ ಅದೇ ಆಹಾರ.

ಇನ್ನೊಂದು ಲೆಕ್ಕವನ್ನೂ ವಿಲೆರ್ಮೆ ಕೊಟ್ಟಿದ್ದಾನೆ. ಮುಲೂಸ್‌ನಲ್ಲಿ ಗಿರಣಿ ಮಾಲೀಕರು, ದೊಡ್ಡ ವರ್ತಕರ ಮಕ್ಕಳಲ್ಲಿ ಅರ್ಧದಷ್ಟು ಮಂದಿ 29ನೆಯ ವರ್ಷವನ್ನು ಮುಟ್ಟುತ್ತಿದ್ದರು. ನೇಯುವವರ, ಸಾಧಾರಣ ನೂಲುಗಾರರ ಮಕ್ಕಳಲ್ಲಿ ಅರ್ಧದಷ್ಟು 2 ವರ್ಷ ತುಂಬುವ ಮೊದಲೇ ಮಣ್ಣು ಸೇರುತ್ತಿದ್ದವು. ಮುಪ್ಪೇ ಇಲ್ಲದ ಜನರ ಚಿತ್ರವನ್ನು ಡ್ಯೂಕ್ ಬರೆಸಿದ್ದು ಈ ದೇಶದಲ್ಲಿ. ಈ ಮಕ್ಕಳಿಗೂ ಮುಪ್ಪು ಬರಲಿಲ್ಲ.

1841ರಲ್ಲಿ ಸರಕಾರ ಒಂದು ಕಾನೂನು ಮಾಡಿತು. ಇಪ್ಪತ್ತಕ್ಕಿಂತ ಹೆಚ್ಚು ಆಳುಗಳಿರುವ ಕಾರ್ಖಾನೆಗಳಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ಕೆಲಸ ಕೊಡಕೂಡದು. 8ರಿಂದ 12 ವರ್ಷದವರಿಗೆ ದಿನಕ್ಕೆ 8 ಗಂಟೆ, 12ರಿಂದ 16ರವರಿಗೆ 12 ಗಂಟೆ. ಹನ್ನೆರಡು ಗಂಟೆ! ಇದು ದಯೆಯ ಕಾನೂನು. ಇದನ್ನು ನೋಡಿಕೊಳ್ಳಲು ನೇಮಿಸಿದ ತನಿಖೆದಾರರಿಗೆ ಸಂಬಳವೂ ಇರಲಿಲ್ಲ. ಸಂಬಳವಿಲ್ಲದ ತನಿಖೆ ಎಷ್ಟು ದೂರ ನಡೆದೀತೆಂಬುದನ್ನು ಕಾರ್ಮಿಕ ಬಂಧುಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

"ಇದೇನು ನ್ಯಾಯ? ಚಿತ್ರಗಾರ ಪುರಾಣ ಬರೆದ, ನೀವು ಗಿರಣಿಯ ವರದಿ ಓದುತ್ತೀರಿ" ಎಂದು ಸೌಂದರ್ಯದ ಪಂಗಡದವರು ಆಕ್ಷೇಪಿಸಬಹುದು. ಒಳ್ಳೆಯದು, ಚಿತ್ರದ ಒಳಕ್ಕೇ ಹೋಗೋಣ. ಆ ತೋಪಿನಲ್ಲಿ ಒರಗಿಕೊಂಡವರು ಯಾರು? ಪುರಾಣದಿಂದ ಇಳಿದು ಬಂದವರಲ್ಲ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆದು ಚಿತ್ರಗಾರನ ಮುಂದೆ ಬಟ್ಟೆ ಬಿಚ್ಚಿ ನಿಂತ ಬಡವರು. ತೋಳು ಮೇಲೆತ್ತಿ ಅಲುಗದೆ ನಿಲ್ಲಬೇಕು. ರಕ್ತ ಇಳಿದು ತೋಳು ಜೋಮು ಹಿಡಿದರೂ ಮುಖದಲ್ಲಿ ಮಾತ್ರ ನಿಶ್ಚಿಂತೆ ಇರಬೇಕು. ಸೋಮಾರಿಯ ಪಾತ್ರ ವಹಿಸುವುದಕ್ಕೂ ಕೂಲಿಯವನೇ ಬೇಕಾಯಿತು. ಅರವತ್ತು ದಾಟಿದ ಚಿತ್ರಗಾರನೂ ಐನೂರಕ್ಕೂ ಹೆಚ್ಚು ಹಾಳೆ ಬರೆದು, ಹಸಿ ಗಾರೆಯ ಹಳೆಯ ಚಿತ್ರಗಳಂತೆ ಕಾಣಲೆಂದು ಗಾರೆಯ ಮೇಲೆ ಎಣ್ಣೆಯ ಬಣ್ಣ ಹಚ್ಚಲು ಹೆಣಗಾಡಿ, ವರ್ಷಗಟ್ಟಲೆ ಬೇಸಿಗೆಗಳನ್ನು ಸವೆಸಿದ. ದುಡಿಮೆಯೇ ಇಲ್ಲದ ಲೋಕವೊಂದನ್ನು ತೋರಿಸಲು ಇಷ್ಟು ದುಡಿಮೆ ಸುರಿಯಿತು. ಅದರ ಒಂದು ಗುರುತೂ ಗೋಡೆಯ ಮೇಲೆ ಉಳಿಯಬಾರದೆಂಬುದೇ ಆ ಚಿತ್ರದ ಕಟ್ಟಳೆ. ಹಾಳೆಗಳಲ್ಲಿ ಉಳಿದಿದೆ. ಆದುದರಿಂದಲೇ ನಮಗೆ ಅರಮನೆಯ ಗೋಡೆಗಿಂತ ಮೊಂತೊಬಾನಿನ ಹಾಳೆಗಳು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತವೆ. ಅಲ್ಲಿ ತೋಳು ತಪ್ಪಿದೆ, ತಿದ್ದಿದೆ, ಮತ್ತೆ ತಿದ್ದಿದೆ.

ಇನ್ನು ಅಶ್ಲೀಲದ ಪಂಗಡದವರಿಗೆ ಒಂದು ಸುದ್ದಿ. ಗೋಡೆಯ ಮೇಲೆ ಬತ್ತಲೆ ಜನರ ಸಂಖ್ಯೆ ಬೆಳೆಯುತ್ತ ಹೋದಂತೆ ಡ್ಯೂಕನಿಗೇ ಇರಿಸುಮುರಿಸಾಯಿತು! ತಾನೇ ಕರೆಸಿದ ಅತಿಥಿಗಳನ್ನು ಕಂಡು ತಾನೇ ಬಾಗಿಲಲ್ಲಿ ನಾಚಿ ನಿಂತ ಗೃಹಸ್ಥನ ಹಾಗೆ. ನಮ್ಮ ಸಭ್ಯ ಮಹನೀಯರ ಮನಸ್ಸೂ ಇದೇ. ಬಟ್ಟೆಯಿಲ್ಲದ ದೇಹ ಕಂಡರೆ ಅವರಿಗೆ ಮುಜುಗರ. ಬಟ್ಟೆ ನೇಯುವವನ ಮೈಮೇಲೆ ಬಟ್ಟೆಯಿಲ್ಲದಿದ್ದರೆ ಮುಜುಗರವಿಲ್ಲ. ಮುಲೂಸ್‌ನ ಎಣ್ಣೆ ಚಿಂದಿಯ ಮಕ್ಕಳನ್ನು ಕಂಡು ಅಶ್ಲೀಲವೆಂದು ಕೂಗಿದ ಒಬ್ಬನೂ ಇರಲಿಲ್ಲ.

1847ರಲ್ಲಿ ಆಂಗ್ರ್ ಕೆಲಸ ನಿಲ್ಲಿಸಿದ. 1849ರ ಜುಲೈ ತಿಂಗಳಲ್ಲಿ ಅವನ ಹೆಂಡತಿ ತೀರಿಕೊಂಡಳು. ಆ ದುಃಖದಲ್ಲಿ ಅವನು ಮತ್ತೆ ಆ ಗೋಡೆಯನ್ನು ಮುಟ್ಟಲಿಲ್ಲ. ಸುವರ್ಣಯುಗ ಅರೆಬರೆ ಉಳಿಯಿತು. ಎದುರಿನ ಲೋಹಯುಗದ ಗೋಡೆಯ ಗತಿಯೇನು? ಅಲ್ಲಿ ಹಿನ್ನೆಲೆಯ ಕಟ್ಟಡಗಳನ್ನು ಒಬ್ಬ ಸಹಾಯಕ ಬರೆದಿಟ್ಟಿದ್ದ. ಅಷ್ಟೇ. ಕಟ್ಟಡಗಳು ನಿಂತಿವೆ, ಜನರೇ ಇಲ್ಲ.

ಜನ ಎಲ್ಲಿದ್ದರು ಎಂಬುದು ಇತಿಹಾಸಕ್ಕೆ ಗೊತ್ತಿದೆ. 1848ರ ಫೆಬ್ರವರಿಯಲ್ಲಿ ಅವರು ಪ್ಯಾರಿಸ್ಸಿನ ಬೀದಿಗಿಳಿದು ರಾಜ ಲೂಯಿ ಫಿಲಿಪ್‌ನನ್ನು ಓಡಿಸಿದರು. ಮಾರ್ಚ್ 2ರಂದು ದುಡಿಮೆಯ ಹೊತ್ತನ್ನು ಪ್ಯಾರಿಸ್ಸಿನಲ್ಲಿ 10 ಗಂಟೆಗೆ, ಹೊರಗಿನ ಊರುಗಳಲ್ಲಿ 11 ಗಂಟೆಗೆ ಇಳಿಸುವ ಆಜ್ಞೆ ಹೊರಟಿತು. ನಿರುದ್ಯೋಗಿಗಳಿಗೆ ರಾಷ್ಟ್ರೀಯ ಕಾರ್ಯಾಗಾರಗಳು ತೆರೆದವು. ನಾಲ್ಕೇ ತಿಂಗಳು. ಜೂನ್‌ನಲ್ಲಿ ಆ ಕಾರ್ಯಾಗಾರಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗಳಿಗೆ ಅಡ್ಡಗಟ್ಟೆ ಹಾಕಿದರು. 23ರಿಂದ 26ರವರೆಗೆ ನಾಲ್ಕು ದಿನ ಸೈನ್ಯ ಫಿರಂಗಿ ಹಾರಿಸಿ ಸಾವಿರಾರು ಜನರನ್ನು ಕೊಂದಿತು. ಸೆಪ್ಟೆಂಬರಿನಲ್ಲಿ ಹೊಸ ಕಾನೂನು ಬಂದು ಕಾರ್ಖಾನೆಗಳ ದುಡಿಮೆ ಮತ್ತೆ 12 ಗಂಟೆಗೆ ಏರಿತು. ದಾಂಪಿಯೆರ್ ಅರಮನೆಯಲ್ಲಿ ಖಾಲಿ ಬಿದ್ದ ಗೋಡೆಗೆ ಬೇಕಾಗಿದ್ದ ಲೋಹಯುಗದ ಮನುಷ್ಯರು ಇವರೇ. ಮುದುಕ ಆಂಗ್ರ್ 1862ರಲ್ಲಿ ತನ್ನ ಸುವರ್ಣಯುಗವನ್ನು ಮತ್ತೊಮ್ಮೆ ಸಣ್ಣದಾಗಿ ಬರೆದು ಮುಗಿಸಿದ. ಅದು ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಲೋಹಯುಗದ ಕಡೆಗೆ ತಿರುಗಿಯೂ ನೋಡಲಿಲ್ಲ.

ಹಾಗಾದರೆ ಆ ಕಾಲದ ಚಿತ್ರಗಾರರೆಲ್ಲ ಕುರುಡರಾಗಿದ್ದರೇ? ಇಲ್ಲ. ಮಿಲೆ ಎಂಬವನ ಕಥೆ ಕೇಳಿ.

ಮಿಲೆ 1814ರಲ್ಲಿ ನಾರ್ಮಂಡಿಯ ಗ್ರೂಷಿ ಎಂಬ ಹಳ್ಳಿಯ ರೈತ ಮನೆಯಲ್ಲಿ ಹುಟ್ಟಿದವನು. ನೇಗಿಲು ಹಿಡಿದು ಗೊತ್ತಿದ್ದವನು. ಪ್ಯಾರಿಸ್ಸಿನಲ್ಲಿ ಹೊಟ್ಟೆಪಾಡಿಗಾಗಿ ಅವನೂ ತೋಪಿನ ನಡುವಿನ ಬತ್ತಲೆ ಹೆಂಗಸರ ಚಿತ್ರಗಳನ್ನು ಬರೆದು ಮಾರುತ್ತಿದ್ದ. ಸರಕು ಖರ್ಚಾಗುತ್ತಿತ್ತು. ಒಂದು ದಿನ ಅಂಗಡಿಯ ಗಾಜಿನ ಮುಂದೆ ನಿಂತ ಇಬ್ಬರು ತನ್ನ ಚಿತ್ರ ನೋಡುತ್ತ, ಬತ್ತಲೆ ಹೆಂಗಸರನ್ನು ಬಿಟ್ಟು ಬೇರೇನೂ ಬರೆಯದವನೆಂದು ತನ್ನನ್ನು ಆಡಿಕೊಂಡದ್ದು ಅವನ ಕಿವಿಗೆ ಬಿತ್ತಂತೆ. ಮನೆಗೆ ಬಂದು ಹೆಂಡತಿಯೊಡನೆ, ಇನ್ನು ಇಂಥದ್ದು ಬೇಡ, ಬದುಕು ಇನ್ನಷ್ಟು ಬಿಗಿಯಾದೀತು, ಆದರೂ ಬೇಡ ಎಂದನಂತೆ. ಅವನ ಗೆಳೆಯ ಸಾನ್ಸಿಯೆ ಬರೆದಿಟ್ಟ ಸಂಗತಿ ಇದು. 1848ರ ಸರಕಾರಿ ಪ್ರದರ್ಶನಕ್ಕೆ ಅವನು ಕಳಿಸಿದ್ದು ಮೊರದಲ್ಲಿ ಕಾಳು ಕೇರುವವನ ಚಿತ್ರ. ಅದನ್ನು ಕ್ರಾಂತಿ ಸರಕಾರದ ಮಂತ್ರಿ ಲೆದ್ರು-ರೊಲಾಂ 500 ಫ್ರಾಂಕಿಗೆ ಕೊಂಡ. ವಿಲೆರ್ಮೆಯ ವರದಿಯಂತೆ ಗಿರಣಿಯ ಗಂಡಾಳಿಗೆ ಆಗ ದಿನಗೂಲಿ ಸುಮಾರು 2 ಫ್ರಾಂಕು, ಹೆಣ್ಣಾಳಿಗೆ 1 ಫ್ರಾಂಕು, ಹೋಲಿಸಿ ನೋಡಿ. 1849ರಲ್ಲಿ ಮಿಲೆ ಪ್ಯಾರಿಸ್ ಬಿಟ್ಟು ಬಾರ್ಬಿಜೋನ್ ಎಂಬ ಹಳ್ಳಿ ಸೇರಿದ. ಅಲ್ಲಿ ಬಿತ್ತುವವನು, ಹಕ್ಕಲು ಆಯುವ ಹೆಂಗಸರು, ಗುದ್ದಲಿಯ ಮೇಲೆ ಭಾರ ಬಿಟ್ಟು ಉಸಿರು ಹಿಡಿದುಕೊಳ್ಳುವ ಕೂಲಿಯವನು, ಎಲ್ಲರೂ ಒಬ್ಬೊಬ್ಬರಾಗಿ ಚಿತ್ರಕ್ಕೆ ಬಂದರು.

ಆಗ ಎದ್ದ ಗಲಾಟೆ ನೋಡಬೇಕು! ಬತ್ತಲೆ ಜನರ ತೋಪುಗಳನ್ನು ತಲೆದೂಗಿ ಮೆಚ್ಚಿದ ಮಹಾಶಯರಿಗೆ 1857ರಲ್ಲಿ ಮೈತುಂಬ ಬಟ್ಟೆ ಹೊದ್ದು ತೆನೆ ಹೆಕ್ಕುವ ಮೂವರು ಮುಗ್ಧ ಹೆಂಗಸರ ಬೆನ್ನ ಹಿಂದೆ 1793ರ ಈಟಿಗಳು, ವಧಾಸ್ಥಾನಗಳು ಕಂಡವು. ಮಿಲೆ ತಾನು ಸಮಾಜವಾದಿಯಲ್ಲವೆಂದೇ ಹೇಳಿಕೊಂಡ. ಆ ಮಾತು ಅವನನ್ನು ಕಾಪಾಡಲಿಲ್ಲ. ಬಾಗಿದ ಬೆನ್ನನ್ನು ಇದ್ದಂತೆ ಬರೆದರೆ ಸಾಕು, ಪಕ್ಷದ ಚೀಟಿ ಯಾರೂ ಕೇಳುವುದಿಲ್ಲ.

ಅಂಗಡಿಕಾರ ಬಂಧುಗಳು ಈ ಲೆಕ್ಕವನ್ನು ಗಮನಿಸಬೇಕು. ಹೊಲದಲ್ಲಿ ಸಂಜೆಯ ಗಂಟೆ ಕೇಳಿ ತಲೆಬಾಗಿ ನಿಂತ ಗಂಡಹೆಂಡಿರ ಚಿತ್ರ, 'ಆಂಜೆಲಸ್', ಮಿಲೆಯ ಕೈಬಿಟ್ಟದ್ದು ಸುಮಾರು 1,000 ಫ್ರಾಂಕಿಗೆ. ಅವನು 1875ರಲ್ಲಿ ಸತ್ತ. 1889ರ ಹರಾಜಿನಲ್ಲಿ ಅದೇ ಚಿತ್ರ 5,53,000 ಫ್ರಾಂಕಿಗೆ ಹೋಯಿತು. ಮರುವರ್ಷ 7,50,000 ಕೊಟ್ಟು ಇನ್ನೊಬ್ಬ ಕೊಂಡ. ಈ ಲಾಭದಲ್ಲಿ ಬರೆದವನ ಮನೆಗೆ ಬಿಡಿಗಾಸೂ ಇಲ್ಲ. ನಮ್ಮ ಮಂಡಿಯಲ್ಲಿ ರೈತನಿಗೂ ದಲಾಲಿಗೂ ನಡುವೆ ಕಾಣುವ ವ್ಯವಹಾರಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇಲ್ಲಿ ಮೂಟೆಗೆ ಚೌಕಟ್ಟು ಹಾಕಿದ್ದರು. ಇಂಥ ಅನ್ಯಾಯಗಳ ಮೇಲೆ ಕೂಗೆದ್ದ ಬಳಿಕವೇ, ಹರಾಜಿನ ಬೆಲೆಯಲ್ಲಿ ಚಿತ್ರಗಾರನಿಗೂ ಅವನ ವಾರಸುದಾರರಿಗೂ ಪಾಲು ಸಲ್ಲಬೇಕೆಂದು ಫ್ರಾನ್ಸ್ 1920ರಲ್ಲಿ ಕಾನೂನು ಮಾಡಿತು.

ಬತ್ತಲೆ ಚಿತ್ರವನ್ನೇ ಮಿಲೆ ಕೈಬಿಟ್ಟನೆಂದು ಸಭ್ಯ ಮಹನೀಯರು ಸಂತೋಷಪಡುವುದು ಬೇಡ. 1863ರಲ್ಲಿ ಅವನು ಮತ್ತೆ ಒಂದು ಬರೆದ. ಅದು ಈಗ ಅಮೆರಿಕದ ಬಾಲ್ಟಿಮೋರ್ ನಗರದ ವಾಲ್ಟರ್ಸ್ ಸಂಗ್ರಹಾಲಯದಲ್ಲಿದೆ. ಬಾತುಕೋಳಿ ಕಾಯುವ ಹುಡುಗಿ, ಮರಗಳ ನೆರಳಿನ ತೊರೆ, ಸೆಕೆಯ ಹೊತ್ತು. ಬಟ್ಟೆ ಕಳಚಿಟ್ಟು ದಡದಲ್ಲಿ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದಾಳೆ. ತೋಪು ಅದೇ, ನೀರು ಅದೇ, ಬತ್ತಲೆಯೂ ಅದೇ. ಆದರೆ ಅವಳ ಕೈ ನೋಡಿ, ಪಾದ ನೋಡಿ. ದಪ್ಪ, ಒರಟು, ದಿನವೂ ಕೆಲಸ ಮಾಡಿದ ಕೈ, ಮೆಟ್ಟಿಲ್ಲದೆ ನಡೆದ ಕಾಲು. ಬಾತುಗಳು ಅವಳವಲ್ಲ, ಯಾರದೋ. ಒಂದು ಗಳಿಗೆ ಮೈ ತಣಿಸಿಕೊಂಡು ಬಟ್ಟೆ ಉಟ್ಟು ಮತ್ತೆ ಅವುಗಳ ಹಿಂದೆ ಹೊರಡಬೇಕು. ಇವಳನ್ನು ಕಂಡು ಯಾವ ಕೂಲಿಕಾರನೂ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ದುಡಿಯುವ ದೇಹಕ್ಕೂ ಒಂದು ಹೊಳೆ, ಒಂದು ನೆರಳು, ಯಾರೂ ಕರೆಯದ ಒಂದು ಗಂಟೆ ಸಲ್ಲಬೇಕು. ಆಂಗ್ರ್‌ನ ಐನೂರು ಹಾಳೆಗಳಲ್ಲಿ ನಮಗೆ ಸಿಗದದ್ದು ಇದು.

ವಿರಾಮಕ್ಕೆ ನಾವು ವಿರೋಧಿಗಳೆಂದು ಯಾರೂ ತಿಳಿಯಬಾರದು. ಹತ್ತು ಗಂಟೆ, ಎಂಟು ಗಂಟೆ ಎಂದು ಕೆಲಸಗಾರರು ನೂರು ವರ್ಷ ಹೋರಾಡಿದ್ದು ಮತ್ತೇತಕ್ಕೆ? ಹುಲ್ಲಿನ ಮೇಲೆ ಒರಗುವ ಹಕ್ಕಿಗೇ. ಅದು ಡ್ಯೂಕನ ಅತಿಥಿಗಳ ಪಾಲಿಗೆ ಮಾತ್ರ ಬರಬಾರದು, ಕಳೆದುಹೋದ ಕಾಲವೊಂದರ ನೆನಪಾಗಿಯೂ ಉಳಿಯಬಾರದು. ಸುವರ್ಣಯುಗವನ್ನು ಹಿಂದಕ್ಕೆ ತಳ್ಳುವುದರಲ್ಲಿ ಒಡೆಯರಿಗೆ ಬಹಳ ಅನುಕೂಲವಿದೆ: ಮುಗಿದುಹೋದದ್ದಕ್ಕೆ ಯಾರೂ ಮುಷ್ಕರ ಹೂಡುವುದಿಲ್ಲ.

ಈ ತಂತ್ರವನ್ನು ಅದೇ ಶತಮಾನದ ಕೊನೆಯಲ್ಲಿ ಒಬ್ಬ ಫ್ರೆಂಚ್ ಚಿತ್ರಗಾರನೇ ಬಯಲು ಮಾಡಿದ. ಪಾಲ್ ಸಿನ್ಯಾಕ್ ಎಂಬವನು 1893ರಿಂದ 1895ರವರೆಗೆ ಒಂದು ಗೋಡೆಯಷ್ಟು ದೊಡ್ಡ ಚಿತ್ರ ಬರೆದು, ಸುವರ್ಣಯುಗ ಇರುವುದು ಹಿಂದಲ್ಲ, ಮುಂದೆ ಎಂಬ ಅರ್ಥದ ಮಾತನ್ನು ಅದರ ಹೆಸರಿಗೇ ಸೇರಿಸಿದ. ಅದರಲ್ಲೂ ಕಡಲ ದಂಡೆ, ಮರಗಳು, ಬಿಸಿಲು. ಒಬ್ಬ ಮರದಿಂದ ಹಣ್ಣು ಕೀಳುತ್ತಾನೆ, ಒಬ್ಬ ಓದುತ್ತಾನೆ, ಕೆಲವರು ಚೆಂಡು ಉರುಳಿಸಿ ಆಡುತ್ತಾರೆ, ತಾಯಿ ಮಗುವನ್ನು ಆಡಿಸುತ್ತಾಳೆ. ಹಿಂದೆ ಹೊಲದಲ್ಲಿ ಯಂತ್ರಗಳು ಕೆಲಸ ಮಾಡುತ್ತಿವೆ. ಭೂಮಿ ತಾನಾಗಿ ಬೆಳೆ ಕೊಡುವ ಪವಾಡ ಇಲ್ಲಿಲ್ಲ, ಯಂತ್ರ ಎಲ್ಲರದೂ ಆಗಿ ದುಡಿಮೆ ಹಗುರಾದ ಕಾಲ ಇದು. ಬ್ರಸೆಲ್ಸ್ ನಗರದಲ್ಲಿ ಕಾರ್ಮಿಕರ ಪಕ್ಷ ಕಟ್ಟಿಸಿ 1899ರಲ್ಲಿ ತೆರೆದ 'ಜನತಾ ಭವನ'ಕ್ಕೆ ಇದನ್ನು ಕೊಡಬೇಕೆಂದು ಸಿನ್ಯಾಕ್ ಮುಂದೆ ಬಂದಿದ್ದ. ಅದು ಕೈಗೂಡಲಿಲ್ಲ. ಆ ಭವನವನ್ನೂ 1965ರಲ್ಲಿ ಕೆಡವಿಹಾಕಿದರು. ಚಿತ್ರ ಮಾತ್ರ ಸಿನ್ಯಾಕ್ 1935ರಲ್ಲಿ ಸತ್ತ ಮೇಲೆ, 1938ರಲ್ಲಿ, ಪ್ಯಾರಿಸ್ ಅಂಚಿನ ಕಾರ್ಮಿಕರ ಊರಾದ ಮೊಂತ್ರೈ ಪುರಸಭೆಯ ಗೋಡೆಗೆ ಬಂತು. ಬರೆದು ನಲವತ್ತಕ್ಕೂ ಹೆಚ್ಚು ವರ್ಷ ಕಾದ ಮೇಲೆ ಅದಕ್ಕೆ ಸಿಕ್ಕಿದ ಗೋಡೆ ಅದು.